ಕಾಶೆವ್ವನ ಎಣ್ಣಿ ಮನಿ

ಕಾಶೆವ್ವನಿಗೂ ಆ ಟ್ರ್ಯಾಕ್ಟರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಅದು ಮನೆಗೆ ಬಂದ ದಿನವೇ ಜೋಡೆತ್ತುಗಳು ಮನೆ ಬಿಟ್ಟು ಹೋಗಿದ್ದವು. ಮಂದಿಯೆಲ್ಲ ಕೂಡಿ ಹೊಸ ಗಾಡಿಗೆ ಕಾಯಿ ಒಡೆದು ಪೇಡೆ ಹಂಚುತ್ತಿದ್ದರೆ, ಕಾಶೆವ್ವ ಮಾತ್ರ ಬರಿದಾದ ಮೇವಿನ ಗೋದಲಿಯ ಮುಂದೆ ಕುಳಿತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ಎತ್ತು ಕರದ್ರ ಹೊಳ್ಳಿ ನೋಡತೈತಿ. ಇದೇನ ನೋಡತೈತಿ?" ಎಂದು ಗಂಡನಿಗೆ ಅಂದವಳು, ಅಂದಿನಿಂದ ಅದರ ಹತ್ತಿರ ತಾನಾಗಿ ಸುಳಿದವಳಲ್ಲ. ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಗೆ ಕುಂಕುಮ ಹಚ್ಚುತ್ತಿದ್ದಳು. ಗಂಡ ಗಾಡಿಯ ಕೆಳಗೆ ಮಲಗಿ ಕೂಗಿದಾಗ ಬೋಲ್ಟು ಬಿಚ್ಚಲು ಕೇಳಿದ ಪಾನಾ ಒಯ್ದು ಅವನ ಕೈಗಿಟ್ಟು ಬರುತ್ತಿದ್ದಳು. ಅಷ್ಟೇ.

ಗಂಡ ಸೋಮಶೇಖರನಿಗೆ ಮಾತ್ರ ಅದು ಜೀವ. ಅವರದು ಮೂಡಲಗಿಯ ಹೊರಗೆ, ಕಾಲುವೆಯ ದಂಡೆಯಲ್ಲಿ ತೋಟದ ಮನೆ. ಎತ್ತಿಗೆ ಏನು ನಡೆಸುತ್ತಿದ್ದೆವೋ ಗಾಡಿಗೂ ಅದನ್ನೇ ನಡೆಸಬೇಕೆಂಬುದು ಸೋಮಶೇಖರನ ಹಟ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆದ್ದರಿಂದ ಟ್ರ್ಯಾಕ್ಟರಿಗೂ ಸೋಮವಾರ ಸೂಟಿ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಾಗಲೂ ಇವನ ಗಾಡಿ ಆ ದಿನ ಬೇವಿನ ಗಿಡದ ನೆರಳಿನಲ್ಲಿ ಇರುತ್ತಿತ್ತು. ಅಂದು ಅದರ ಮೈ ತೊಳೆದು, ಎಂಜಿನ್ನಿನ ಎಣ್ಣೆ ನೋಡಿ, ಬದಲಿಸುವ ಕಾಲವಾಗಿದ್ದರೆ ಬದಲಿಸುತ್ತಿದ್ದ. ಜನ ನಗುತ್ತಿದ್ದರು. ನಕ್ಕವರ ಗಾಡಿಗಳೆಲ್ಲ ಒಂದೊಂದಾಗಿ ಗ್ಯಾರೇಜು ಕಂಡವು. ಇವನ ಎಂಜಿನ್ನಿಗೆ ಯಾರೂ ಕೈ ಹಚ್ಚುವ ಪ್ರಸಂಗ ಬರಲಿಲ್ಲ.

ಕಾಶೆವ್ವನ ಸಿಟ್ಟು ಇಳಿದದ್ದು ಒಂದು ಮಳೆಗಾಲದ ಬೆಳಗಿನಲ್ಲಿ. ಎಮ್ಮೆಗೆ ನೀರು ಕುಡಿಸಲು ಹೋದ ಸೋಮಶೇಖರ ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ತೋಟದ ದಾರಿ ಮೊಳಕಾಲುದ್ದ ರಾಡಿ. ಕರೆಸಿದ ಕಾರು ಮುಖ್ಯ ರಸ್ತೆ ಬಿಟ್ಟು ಇಳಿದದ್ದೇ ರಾಡಿಯಲ್ಲಿ ಹೂತು ನಿಂತುಬಿಟ್ಟಿತು, ಒಳಗೂ ಬರದು, ಹೊರಗೂ ಹೋಗದು. ಟ್ರ್ಯಾಕ್ಟರ್ ನಡೆಸುವ ಹನಮಂತ ಬೇರೆ ಮಾತಾಡದೆ ಟ್ರೇಲರಿಗೆ ಗಾದಿ ಹಾಸಿದ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಕಾಶೆವ್ವ, ಆ ಗಾಡಿ ರಾಡಿಯನ್ನು ಸೀಳಿಕೊಂಡು ಒಂದು ಸಲವೂ ಜಾರದೆ, ಒಂದು ಸಲವೂ ದಮ್ಮು ಬಿಡದೆ ಹೋಗುವುದನ್ನು ನೋಡಿದಳು. ಘಟಪ್ರಭಾದ ದವಾಖಾನೆಯಲ್ಲಿ ಡಾಕ್ಟರು, "ಇನ್ನೊಂದಿಷ್ಟು ತಡ ಆಗಿದ್ರ ನಮ್ಮ ಕೈಯಾಗ ಏನೂ ಇರತಿರಲಿಲ್ಲ" ಎಂದರು. ಕಾಶೆವ್ವ ಹೊರಗೆ ಬಂದು, ರಾಡಿ ಮೆತ್ತಿಕೊಂಡು ನಿಂತಿದ್ದ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಅದಿನ್ನೂ ಬಿಸಿಯಾಗಿತ್ತು. ಅದನ್ನು ಮನಸ್ಸಿಟ್ಟು ಮುಟ್ಟಿದ್ದು ಅದೇ ಮೊದಲು.

ಮುಂದೆ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು ಎಂದು ಕಟ್ಟಪ್ಪಣೆ ಮಾಡಿ ಮನೆಗೆ ಕಳಿಸಿದರು. ಹೊರಸಿನ ಮೇಲೆ ಮಲಗಿ ಮಲಗಿ ಸೋಮಶೇಖರ ಒಂದು ತೀರ್ಮಾನಕ್ಕೆ ಬಂದ.

"ಗಾಡಿ ಕೊಟ್ಟ ಬಿಡೂಣು" ಎಂದ. "ಅಂಕಲಗಿ ಶೆಟ್ಟೆಪ್ಪ ಕೇಳಾಕತ್ತಾನ. ಭಾಳ ದಿನದಿಂದ ಅದರ ಮ್ಯಾಲ ಕಣ್ಣೈತಿ ಅವಂದು."

ಕಾಶೆವ್ವ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾಕ ಕೊಡಬೇಕ್ರಿ? ಹನಮಂತ ನಡಸ್ತಾನಲ್ಲ."

"ನಡಸೂದು ಬ್ಯಾರೆ, ಜ್ವಾಕಿ ಮಾಡೂದು ಬ್ಯಾರೆ. ಹನಮಂತ ಹತ್ತಿ ಕುಂತ್ರ ಹಾಡು ಹಚ್ಚತಾನ, ಎಣ್ಣಿ ಐತೋ ಇಲ್ಲೋ ನೋಡಂಗಿಲ್ಲ. ನಂಗ ಇನ್ನ ಬಗ್ಗಾಕ ಬರಂಗಿಲ್ಲ. ನೋಡವ್ರಿಲ್ಲದ ಮನ್ಯಾಗ ಗಾಡಿ ಇರಬಾರ್ದು. ಗುಜರಿಗಿ ಹೋಗೂದನ್ನ ನೋಡೂದ್ಕಿಂತ ಚಲೋ ಇದ್ದಾಗ ಕಳಸೂದ ಚಲೋ."

"ನಾ ನೋಡ್ತೇನಿ."

ಸೋಮಶೇಖರನಿಗೆ ನಗು ಬಂತು. ಎದೆಯ ಹೊಲಿಗೆ ಎಳೆಯುತ್ತದೆಂದು ಕೈ ಅಡ್ಡ ಹಿಡಿದು ನಕ್ಕ. "ನೀನು? ಆಯಿಲ್ ಬದಲಿ ಮಾಡ್ತಿ?"

"ಮಾಡ್ತೇನಿ. ಹಂಗಾಮ ಸುರು ಆಗೂತನಕ ತಡೀರಿ. ನಾ ಮಾಡಿದ ಮ್ಯಾಲ ಗಾಡಿ ಸರಿ ನಡೀತಂದ್ರ ಮನ್ಯಾಗ ಇರಲಿ. ಕೆಡಿಸಿದ್ನಂದ್ರ ಶೆಟ್ಟೆಪ್ಪಗ ಫೋನ್ ಹಚ್ಚರಿ. ನಾ ಒಂದ ಮಾತ ಆಡಂಗಿಲ್ಲ."

ಅವಳ ಮುಖ ನೋಡಿ ಅವನ ನಗು ನಿಂತಿತು. "ಆತು. ಆದ್ರ ನಾ ನಡುವ ಬಾಯಿ ಹಾಕಂಗಿಲ್ಲ. ಹಿಂಗ ಮಾಡು, ಹಂಗ ಮಾಡು ಅಂತ ಒಂದೂ ಹೇಳಂಗಿಲ್ಲ" ಎಂದ.

"ಕೇಳಂಗೂ ಇಲ್ಲ ಬಿಡ್ರಿ" ಎಂದು ಕಾಶೆವ್ವ ರೊಟ್ಟಿ ಬಡಿಯಲು ಹೋದಳು. ಗಂಡನ ಜೀವ ಹೊತ್ತು ತಂದದ್ದನ್ನು ಯಾರದೋ ಕೈಗೆ ಹಗ್ಗ ಕೊಟ್ಟು ಕಳಿಸುವುದು ಅವಳಿಂದಾಗದು. ಎತ್ತು ಕಳಿಸಿದ್ದೇ ಈ ಜನ್ಮಕ್ಕೆ ಸಾಕಾಗಿತ್ತು.

ಮರುದಿನವೇ ಬಸ್ಸು ಹತ್ತಿ ಗೋಕಾಕಕ್ಕೆ ಹೋದಳು. ಅಲ್ಲಿ ಭೀಮಶಿ ಅಂತ ಮಿಸ್ತ್ರಿ, ಸೋಮಶೇಖರನ ಹಳೆಯ ದೋಸ್ತ. "ಬರ್ರಿ ವೈನಿ" ಎಂದು ಸ್ಟೂಲು ಒರೆಸಿ ಕೊಟ್ಟ. ಬಂದ ಕಾರಣ ಕೇಳಿ ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ಯಾರದೋ ಟ್ರ್ಯಾಕ್ಟರಿನ ಎಂಜಿನ್ ಪೂರ್ತಿ ಬಿಚ್ಚಿ ತಾಡಪತ್ರಿಯ ಮೇಲೆ ಹರವಿಟ್ಟಿದ್ದ. ಅದರ ಮುಂದೆ ಅವಳನ್ನು ಕೂರಿಸಿ ಒಂದೊಂದೇ ತೋರಿಸತೊಡಗಿದ. ಕಾಶೆವ್ವನಿಗೆ ಮೊದಲು ಕಂಡದ್ದು ಬರೀ ಕಬ್ಬಿಣ. ನೋಡುತ್ತ ನೋಡುತ್ತ ಅದರೊಳಗೆ ಓಣಿಗಳು, ಕಿಂಡಿಗಳು, ಕಾಲುವೆಗಳು ಕಾಣಿಸಿಕೊಂಡವು. ಹೊರಗಿನಿಂದ ಬರೀ ಬಡಬಡ ಅನ್ನುವ ಈ ಪೆಟ್ಟಿಗೆಯೊಳಗೆ ಇಷ್ಟೆಲ್ಲ ಇತ್ತೇ ಎಂದು ಅವಳು ಬೆರಗಾದಳು.

"ಇದು ಕ್ರ್ಯಾಂಕ್ ರಿ ವೈನಿ" ಎಂದು ಭೀಮಶಿ ತಿರುಚಿ ಮಾಡಿದಂತಿದ್ದ ಒಂದು ದಪ್ಪ ಸರಳನ್ನು ತಟ್ಟಿದ. "ಎಲ್ಲಾ ಭಾರ ಇದರ ಮ್ಯಾಲ. ಇದು ತಿರಗಿದ್ರ ಗಾಲಿ ತಿರಗತಾವು."

"ಇಷ್ಟ ವಜ್ಜಿ ಕಬ್ಬಣ, ಕಬ್ಬಣದಾಗ ತಿರಗಿದ್ರ ಸವಿಯಂಗಿಲ್ಲೇನ್ರಿ?"

"ಒಂದಕ್ಕೊಂದು ತಾಗಿದ್ರಲ್ಲರಿ ಸವಿಯೂದು. ತಾಗಂಗ ಇಲ್ಲ. ನಡುವ ಎಣ್ಣಿ ಹೋಗಿ ನಿಂತಿರತೈತಿ. ಅದರ ಮ್ಯಾಲ ತೇಲಿಕೋತ ತಿರಗತೈತಿ ಇದು."

"ಎಷ್ಟ ದಪ್ಪ ಇರತೈತ್ರಿ ಆ ಎಣ್ಣಿ?"

"ನಿಮ್ಮ ತಲಿಗೂದಲಾ ಐತಲ್ಲ, ಅದಕ್ಕಿಂತ ತೆಳ್ಳಗ."

ಕಾಶೆವ್ವ ತನ್ನದೊಂದು ಕೂದಲೆಳೆ ಹಿಡಿದು ನೋಡಿದಳು. ಕಬ್ಬು ತುಂಬಿದ ಎರಡು ಟ್ರೇಲರು ಏರು ಹತ್ತುವುದನ್ನು ಅವಳು ಎಷ್ಟು ಸಲ ನೋಡಿಲ್ಲ. ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುವಷ್ಟು ಭಾರ. ಆ ಭಾರವೆಲ್ಲ ನಿಂತಿದ್ದು ಕೂದಲಿಗಿಂತ ತೆಳ್ಳಗಿನ ಒಂದು ಪದರದ ಮೇಲೆ. ಆ ಮಳೆಗಾಲದ ಬೆಳಿಗ್ಗೆ ಗಾದಿಯ ಮೇಲೆ ಬೆವರುತ್ತ ಮಲಗಿದ್ದ ಗಂಡನ ಜೀವವೂ ಅದರ ಮೇಲೆಯೇ ಘಟಪ್ರಭಾದ ತನಕ ಹೋಗಿ ಮುಟ್ಟಿದ್ದು. ಕ್ರ್ಯಾಂಕು ಕೂಡುವ ಜಾಗದಿಂದ ಭೀಮಶಿ ತೆಗೆದುಕೊಟ್ಟ ಹಳೆಯ ಬೇರಿಂಗಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ಕನ್ನಡಿಯಂತೆ ಹೊಳೆಯುತ್ತಿದ್ದ ಅದರಲ್ಲಿ ಅವಳ ಹಣೆಯ ಕುಂಕುಮ ಕಾಣುತ್ತಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಎರಡು ಸಲ ಕೇಳಿದ ಮೇಲೆಯೇ ಅವಳಿಗೆ ತಾನು ಎಲ್ಲಿ ಇಳಿಯಬೇಕೆಂಬುದು ನೆನಪಾದದ್ದು.

ಅಂಥ ಕೆಲಸವನ್ನು ಬೇವಿನ ಗಿಡದ ಕೆಳಗೆ ಧೂಳಿನಲ್ಲಿ ಮಾಡುವುದು ಅವಳಿಗೆ ಇನ್ನು ಸಾಧ್ಯವಿರಲಿಲ್ಲ. ಎತ್ತು ಹೋದಾಗಿನಿಂದ ದನದ ಶೆಡ್ಡಿನಲ್ಲಿ ಸಗಣಿ ಕುಳ್ಳು, ಮುರಿದ ಕುರ್ಚಿ, ಹರಿದ ಚೀಲ ಬಿದ್ದುಕೊಂಡಿದ್ದವು. ಎಲ್ಲ ಹೊರಗೆ ಹಾಕಿ ಹಾಸುಗಲ್ಲು ಕಾಣುವ ತನಕ ತೊಳೆದಳು. ಗಾಡಿ ಸಪಾಟಾಗಿ ನಿಂತರಷ್ಟೇ ಎಣ್ಣೆಯ ಅಳತೆ ಖರೆ ತೋರಿಸುತ್ತದೆಂದು ಭೀಮಶಿ ಹೇಳಿದ್ದ. ದನದ ಶೆಡ್ಡಿನ ನೆಲ ಎಂದೂ ಸಪಾಟು ಇರುವುದಿಲ್ಲ, ಗಂಜಲ ಹರಿಯಲೆಂದು ಇಳಿಜಾರು ಮಾಡಿರುತ್ತಾರೆ. ಕಾಶೆವ್ವ ಪರಾತದಲ್ಲಿ ನೀರು ತುಂಬಿ ನೆಲಕ್ಕಿಟ್ಟು, ನೀರು ಯಾವ ಕಡೆ ವಾಲುತ್ತದೆಂದು ನೋಡಿ, ಆ ಕಡೆ ಹನಮಂತನಿಂದ ಗರಸು ಮಣ್ಣು ಹಾಕಿಸಿ ಕಲ್ಲು ಏರಿಸಿದಳು. ಪರಾತದ ಅಂಚಿಗೆ ನೀರು ಸುತ್ತಲೂ ಒಂದೇ ಸಮ ನಿಲ್ಲುವ ತನಕ ಅವನನ್ನು ಬಿಡಲಿಲ್ಲ. ಅವನಿಗೆ ಹಾಡು ಹಚ್ಚಲು ಪುರುಸೊತ್ತಾಗಲಿಲ್ಲ.

ಆಮೇಲೆ ಗೋಡೆಗೆ ಮೊಳೆ ಹೊಡೆದು ಪಾನಾಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುಹಾಕಿದಳು, ಅಡಿಗೆ ಮನೆಯಲ್ಲಿ ಸೌಟು ತೂಗುಹಾಕುವ ಹಾಗೆ. ಪ್ರತಿಯೊಂದರ ಸುತ್ತ ಸುಣ್ಣದಿಂದ ಗೆರೆ ಎಳೆದಳು, ಯಾವುದು ಜಾಗದಲ್ಲಿಲ್ಲ ಎಂಬುದು ಬಾಗಿಲಲ್ಲೇ ಕಾಣಬೇಕು. ಮೇವು ಬೀಳುತ್ತಿದ್ದ ಗೋದಲಿಯೊಳಗೆ ಹೊಸ ಎಣ್ಣೆಯ ಡಬ್ಬಿ, ಫಿಲ್ಟರು. ಖಾಲಿ ಕ್ಯಾನೊಂದರ ಹೊಟ್ಟೆ ಕೊಯ್ದು ಎಂಜಿನ್ನಿನಿಂದ ಇಳಿಯುವ ಸುಟ್ಟೆಣ್ಣೆ ಹಿಡಿಯುವ ತಟ್ಟೆ ಮಾಡಿದಳು. ಹಳೆಯ ಧೋತರಗಳನ್ನು ಕುದಿಸಿ ಒಣಗಿಸಿ ಒರೆಸುವ ತುಂಡು ಮಾಡಿದಳು. ಚೆಲ್ಲಿದ ಎಣ್ಣೆ ಹೀರಲು ಬುಟ್ಟಿ ತುಂಬ ಒಲೆಯ ಬೂದಿ. ಸುಟ್ಟೆಣ್ಣೆಗೆ ಮೂಲೆಯಲ್ಲಿ ಮುಚ್ಚಳದ ಡ್ರಮ್ಮು. ಕಾಲುವೆ ಮಗ್ಗುಲಲ್ಲೇ ಹರಿಯುತ್ತಿತ್ತು, ಹಿಡಕಲ್ಲಿನ ಆಣೆಕಟ್ಟಿನಿಂದ ಬಂದ ನೀರು. ಅದಕ್ಕೆ ಒಂದು ಹನಿ ಬೀಳಬಾರದೆಂದು ಹನಮಂತನಿಗೆ ತಾಕೀತು. ಧೂಳು ಒಳಗೆ ಬರದಂತೆ ಕಿಟಕಿಗೆ ಒಗೆದ ಗೋಣಿತಟ್ಟು ಕಟ್ಟಿ ದಿನಾ ನೀರು ಚಿಮುಕಿಸಿದಳು. ನೋಡಲು ಬಂದ ಬಾಜೂ ತೋಟದ ಪಾರವ್ವ ಬಾಯಿ ಮೇಲೆ ಬೆರಳಿಟ್ಟುಕೊಂಡು, "ಯವ್ವಾ, ಇಲ್ಲಿ ಗಾಡಿ ನಿಂದ್ರಸ್ತಿಯೋ, ದೇವರನ್ನ ಕೂಡಸ್ತಿಯೋ?" ಎಂದಳು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದಿದ್ದಳು ಪುಣ್ಯಾತ್ಗಿತ್ತಿ. ಅಂದಿನಿಂದ ಸುತ್ತಲಿನ ತೋಟದವರೆಲ್ಲ ಅದನ್ನು ಎಣ್ಣಿ ಮನಿ ಅನ್ನತೊಡಗಿದರು. ಸೋಮಶೇಖರ ಮಾತ್ರ ಅಂಗಳದ ಹೊರಸು ಬಿಟ್ಟು ಕದಲಲಿಲ್ಲ, ಒಂದು ಮಾತೂ ಆಡಲಿಲ್ಲ.

ಸೋಮವಾರ ಬಂತು. ಹನಮಂತ ಗಾಡಿ ತಂದು ನಿಲ್ಲಿಸಿ, ಎಂಜಿನ್ ಬೆಚ್ಚಗಾಗುವಷ್ಟು ನಡೆಸಿ ಬಂದ್ ಮಾಡಿದ. ಕಾಶೆವ್ವ ಕಚ್ಚೆ ಬಿಗಿದು ಕೆಳಗೆ ಹೊಕ್ಕಳು. ತಳದ ಬೋಲ್ಟು ಮೊದಲು ಮುನಿಸಿಕೊಂಡಿತು, ಆಮೇಲೆ ಕಿರ್ರೆಂದು ಸಡಿಲಾಯಿತು. ಬೆರಳಿನಿಂದ ತಿರುವಿ ತೆಗೆದಾಗ ಕಪ್ಪು ಎಣ್ಣೆ ಹೆಬ್ಬೆರಳಿನಷ್ಟು ದಪ್ಪಕ್ಕೆ ಧಾರೆಯಾಗಿ ಇಳಿಯಿತು. ಅವಳು ಕೈಯೊಡ್ಡಿಕೊಂಡು ಮಂತ್ರ ಹಾಕಿಸಿಕೊಂಡವರ ಹಾಗೆ ನೋಡಿದಳು. ಹಾಕುವಾಗ ಹೊನ್ನಿನ ಬಣ್ಣ, ಬರುವಾಗ ಕಾಡಿಗೆ. ಒಳಗಿನ ಕೊಳೆಯನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು ತಾನು ಕಪ್ಪಾಗಿ, ಒಳಗಿನ ಬಿಲ್ಲೆಗಳನ್ನು ಕನ್ನಡಿಯ ಹಾಗೆ ಇಟ್ಟಿತ್ತಲ್ಲ ಈ ಎಣ್ಣೆ, ಅದರ ಮುಂದೆ ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಮುಗಿದಳು ಕೂಡ. ಯಾರೂ ನೋಡಲಿಲ್ಲ.

ಕೊನೆಯ ಹನಿ ಬೀಳುವ ತನಕ ಕಾದು, ಬೋಲ್ಟಿಗೆ ಹೊಸ ವಾಶರು ಹಾಕಿ ಬಿಗಿದಳು. ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರಿ ಕೂಡಿಸಿದಳು. ಆಳಿಕೆಯಿಟ್ಟು ಹೊಸ ಎಣ್ಣೆ ಸುರುವಿದಳು. ನಡುನಡುವೆ ಎಣ್ಣೆ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನೋಡಿದಳು. ಕಡ್ಡಿಗೆ ಎರಡು ಗೆರೆ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ಬಂದು ಮುಟ್ಟಿತು.

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಭೀಮಶಿ ಆಗಿದ್ದರೆ ನಿಲ್ಲಿಸುತ್ತಿದ್ದ. ಆದರೆ ಕಾಶೆವ್ವ ಹುಕ್ಕೇರಿಯ ಕಡೆಯ ಹಾಲು ಮಾರುವ ಮನೆಯಲ್ಲಿ ಹುಟ್ಟಿದವಳು. ಅಳೆದು ಕೊಟ್ಟ ಮೇಲೆ ಮೇಲಿಷ್ಟು ಕೊಸರು ಹಾಕದೆ ಕೈ ಹಿಂದೆ ತೆಗೆದರೆ ಅದು ಕೊಟ್ಟಂತೆಯೇ ಅಲ್ಲ ಎಂದು ಅವಳ ಅವ್ವ ಕಲಿಸಿದ್ದಳು. ಕೊಸರಿಲ್ಲದ ಹಾಲು, ಕೊಸರಿಲ್ಲದ ಜೋಳ ಅವಳ ಕೈಯಿಂದ ಈ ತನಕ ಯಾರ ಮನೆಗೂ ಹೋಗಿಲ್ಲ. ಗಂಡನನ್ನು ಉಳಿಸಿದ ಗಾಡಿಗೆ ಗೆರೆ ನೋಡಿ ಕೈ ಬಿಗಿ ಹಿಡಿಯುವುದೇ? ಅವಳ ಕೈ ತಾನಾಗಿ ಬಾಗಿತು. ಒಂದು ತಂಬಿಗೆ ಕೊಸರು ಹಾಕಿದಳು. ಡಬ್ಬಿಯ ತಳದಲ್ಲಿ ಇನ್ನಷ್ಟು ಉಳಿದಿತ್ತು, ಅದನ್ನಾದರೂ ಯಾಕೆ ಉಳಿಸುವುದೆಂದು ಅದನ್ನೂ ಸುರುವಿದಳು. ಮುಚ್ಚಳ ಹಾಕಿ, ಬಾನೆಟ್ಟಿಗೆ ವಿಭೂತಿ ಹಚ್ಚಿ, ತುಂಬಿದ ಮನಸ್ಸಿನಿಂದ ಮನೆಯೊಳಗೆ ಹೋದಳು.

ಮಂಗಳವಾರ ಬೆಳಿಗ್ಗೆ ಹನಮಂತ ಗಾಡಿ ಚಾಲೂ ಮಾಡಿ ಅಂಗಳಕ್ಕೆ ತಂದ. ಸ್ವಲ್ಪ ಹೊತ್ತು ಚಲೋ ಇತ್ತು. ಆಮೇಲೆ ಕೊಳವೆಯಿಂದ ನೀಲಿ ಹೊಗೆ ಎದ್ದಿತು. ನೋಡನೋಡುತ್ತ ಅಂಗಳ, ಬೇವಿನ ಗಿಡ, ಎಮ್ಮೆ ಎಲ್ಲ ಮುಸುಕಾದವು. ಎಂಜಿನ್ನಿನ ಮಗ್ಗುಲಿನಿಂದ ಎಣ್ಣೆ ಬುರುಬುರು ಉಕ್ಕಿ ಕೆಳಗೆ ಸುರಿಯಿತು. ಸಪ್ಪಳ ಏದುಸಿರು ಬಿಟ್ಟಂತೆ ತಡವರಿಸಿತು.

"ಬಂದ್ ಮಾಡು" ಎಂದ ಸೋಮಶೇಖರ, ಹೊರಸಿನಿಂದ ಎದ್ದು ನಿಂತು. ಅವನ ಮುಖ ಬೂದಿಯಾಗಿತ್ತು. ಕಾಶೆವ್ವನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಫೋನು ತೆಗೆದು, "ಶೆಟ್ಟೆಪ್ಪ, ನಾಳೆ ಬಾ. ಕೊಡೂಣು" ಎಂದ. ಬೇಡವಾದದ್ದನ್ನು ಹೊರಗೆ ಹಾಕುವವನ ದನಿಯಲ್ಲ ಅದು, ಮನೆಯ ಮಗಳನ್ನು ಕಳಿಸಿಕೊಡುವವನ ದನಿ. ಒಂದು ಮಾತೂ ಆಡುವುದಿಲ್ಲ ಎಂದು ತಾನೇ ಮಾತು ಕೊಟ್ಟಿದ್ದ ಕಾಶೆವ್ವ, ಬೂದಿಯ ಬುಟ್ಟಿ ತಂದು ಚೆಲ್ಲಿದ ಎಣ್ಣೆಯ ಮೇಲೆ ಸುರುವಿದಳು.

ಹನಮಂತ ಗಾಡಿಯನ್ನು ಶೆಡ್ಡಿಗೆ ನೂಕಿಸಿ ಹೋದ. ಕಾಶೆವ್ವ ಬಾಗಿಲು ಮುಂದಕ್ಕೆ ಮಾಡಿಕೊಂಡು ಗೋದಲಿಗೆ ಒರಗಿ ಅತ್ತಳು. ಕೈಯಾರೆ ಕೊಂದೆನೆಂದೇ ಅವಳು ತಿಳಿದಿದ್ದಳು. ಅತ್ತು ಮುಗಿದ ಮೇಲೆ, ಉಳಿಸಿಕೊಳ್ಳುವ ಆಸೆಯಿಂದಲ್ಲ, ಯಾಕೆ ಸತ್ತಿತೆಂದು ತಿಳಿಯಲು ಭೀಮಶಿಗೆ ಫೋನು ಮಾಡಿದಳು.

ಎಲ್ಲ ಕೇಳಿ ಅವನು ಅಂದ, "ಎಣ್ಣಿ ಎಷ್ಟ ಹಾಕಿದ್ರಿ ವೈನಿ?"

"ಮ್ಯಾಲಿನ ಗೆರಿತನಕ."

"ಗೆರಿಗಿ ನಿಲ್ಲಿಸಿದ್ರಿಲ್ಲೋ?"

"ನಿಲ್ಲಿಸಿ, ಮ್ಯಾಲೊಂದೀಟ ಕೊಸರು ಹಾಕಿದ್ನಿರಿ."

ಆ ಕಡೆ ಭೀಮಶಿ ಕೆಮ್ಮು ಬರುವ ತನಕ ನಕ್ಕ. "ಯವ್ವಾ ನಮ್ಮವ್ವಾ. ಇಷ್ಟ ವರ್ಷ ಗ್ಯಾರೇಜ್ ಮಾಡೇನಿ, ಎಂಜಿನ್ನಿಗಿ ಕೊಸರು ಹಾಕಿದವ್ರನ್ನ ನೋಡಿಲ್ಲ. ವೈನಿ, ಎಣ್ಣಿ ಮ್ಯಾಲೇರಿದ್ರ ಆ ಕ್ರ್ಯಾಂಕ್ ಅದನ್ನ ಮಜ್ಜಿಗಿ ಕಡದಂಗ ಕಡೀತೈತಿ. ನೊರಿ ಆಕ್ಕತಿ. ನೊರಿ ಮ್ಯಾಲ ಕಬ್ಬಣ ತೇಲತೈತೇನ್ರಿ? ಎಷ್ಟೊತ್ತು ನಡೀತು?"

"ಒಂದ ಚಹಾ ಕುಡ್ಯೂ ಅಷ್ಟೊತ್ತು."

"ಹಂಗಾರ ಏನೂ ಆಗಿಲ್ಲ. ಹೆಚ್ಚಿಂದು ಇಳಸ್ರಿ, ಗೆರಿಗಿ ತರ್ರಿ. ಅಳೂದು ಬಿಡ್ರಿ."

ಫೋನಿಟ್ಟ ಕಾಶೆವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊಟ್ಟದ್ದು ಹೆಚ್ಚಾಗಿ ಉಸಿರು ಕಟ್ಟುವುದೂ ಉಂಟು ಎಂದು ಅವಳಿಗೆ ಈ ತನಕ ಯಾರೂ ಹೇಳಿರಲಿಲ್ಲ. ಎಣ್ಣೆ ಪೂರ್ತಿ ಇಳಿದು ನಿಲ್ಲಲೆಂದು ಕಾದಳು. ಮತ್ತೆ ಕೆಳಗೆ ಹೊಕ್ಕು, ಬೋಲ್ಟು ಎಳೆ ಎಳೆಯಾಗಿ ಸಡಿಲಿಸಿ, ಎಮ್ಮೆಯ ಮೊಲೆ ಹಿಡಿದಷ್ಟೇ ಹದವಾಗಿ ಹೆಬ್ಬೆರಳು ಒತ್ತಿ, ಸ್ವಲ್ಪ ಸ್ವಲ್ಪವೇ ಬಿಟ್ಟಳು. ಬಿಡುವುದು, ಬಿಗಿಯುವುದು, ಕಡ್ಡಿ ನೋಡುವುದು. ಮೊಳಕೈ ತನಕ ಎಣ್ಣೆ ಇಳಿಯಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಏನೆಂದು ಅವಳಿಗೆ ಅಂದು ತಿಳಿಯಿತು. ಎಣ್ಣೆ ಗೆರೆಗೆ ಬಂದು ನಿಂತಾಗ ಅವಳ ಕೈ ಇನ್ನೊಂದು ಹನಿಯನ್ನು ಹಾಕಲೂ ಇಲ್ಲ, ತೆಗೆಯಲೂ ಇಲ್ಲ.

ಬುಧವಾರ ಶೆಟ್ಟೆಪ್ಪ ಬಂದು ಮೋಟರ್ ಸೈಕಲ್ ನಿಲ್ಲಿಸುವ ಹೊತ್ತಿಗೆ ಅವಳು ಹನಮಂತನಿಗೆ, "ಚಾಲೂ ಮಾಡು" ಎಂದಳು. ಮೊದಲು ಒಂದಿಷ್ಟು ಹೊಗೆ ಬಂತು. ಆಮೇಲೆ ತೆಳ್ಳಗಾಯಿತು. ಆಮೇಲೆ ಇಲ್ಲವೇ ಇಲ್ಲ. ಸೋಮಶೇಖರ ಆ ಶೆಡ್ಡಿನ ಬಾಗಿಲಿಗೆ ಬಂದದ್ದು ಅದೇ ಮೊದಲು. ಒಳಗಿನ ಗೋಡೆ, ಸುಣ್ಣದ ಗೆರೆಗಳು, ಗೋದಲಿಯ ಡಬ್ಬಿಗಳು ಯಾವುದನ್ನೂ ನೋಡದೆ ಅವನು ಕಣ್ಣು ಮುಚ್ಚಿಕೊಂಡು ಸಪ್ಪಳ ಕೇಳುತ್ತ ನಿಂತ. ಕಾಶೆವ್ವ ಎಂಜಿನ್ನಿನ ಕಡೆ ನೋಡಲಿಲ್ಲ, ಅವನನ್ನೇ ನೋಡುತ್ತ ನಿಂತಳು.

ಶೆಟ್ಟೆಪ್ಪ ಒಳಗೆ ಬಂದು ಸುತ್ತ ಕಣ್ಣಾಡಿಸಿ, ಗಾಡಿ ಬಂದ್ ಮಾಡಿಸಿದ. ಕಡ್ಡಿ ಎಳೆದು ನೋಡಿದ, ಬಗ್ಗಿ ಬೋಲ್ಟು ನೋಡಿದ. "ನಾ ಇಂಥಾದನ್ನ ಎಲ್ಲೂ ನೋಡಿಲ್ರಿ" ಎಂದ ಮೆಲ್ಲಗೆ. "ಮಾಲಕ್ರ, ನೀವು ಹೇಳಿದ ರೇಟಿಗಿ ನಾ ಹ್ಞೂಂ."

"ಮಾಲಕ್ರನ್ನ ಕೇಳಪ್ಪ" ಎಂದ ಸೋಮಶೇಖರ, ಕಣ್ಣು ತೆರೆದು.

"ನೀವ ಅಲ್ರಿ?"

"ಮೊನ್ನಿತನಕ ನಾ ಇದ್ನಿ." ಅವನು ಹೆಂಡತಿಯ ಕಡೆ ಕೈ ಮಾಡಿದ. ಆಡಬಾರದ ಮಾತನ್ನು ಆಡಲು ಅಪ್ಪಣೆ ಸಿಕ್ಕಂತಾಗಿ ಕಾಶೆವ್ವ, "ಕೊಡಂಗಿಲ್ರಿ ಅಣ್ಣಾರ. ಚಹಾ ಕುಡದ ಹೋಗ್ರಿ" ಎಂದಳು.

ಶೆಟ್ಟೆಪ್ಪ ಹೋದ. ಹನಮಂತ ಕೈ ತೊಳೆಯಲು ಹೋದ. ಶೆಡ್ಡಿನಲ್ಲಿ ಇಬ್ಬರೇ ಉಳಿದರು.

"ದವಾಖಾನ್ಯಾಗ ಮಲಗಿದ್ದಾಗ ನಂಗ ಒಂದ ಚಿಂತಿ ಇತ್ತು" ಎಂದ ಸೋಮಶೇಖರ, ಗೋಡೆಯ ಪಾನಾ ಒಂದನ್ನು ಮುಟ್ಟುತ್ತ. "ನಾ ಹ್ವಾದ್ರ ನೀ ಇದಕ್ಕೆಲ್ಲಾ ಮಂದಿ ಮುಂದ ನಿಂದ್ರಬೇಕಾಕ್ಕತಿ ಅಂತ. ಅದಕ್ಕ ಗಾಡಿ ಮಾರಿ ಹಗುರ ಮಾಡಿ ಹೋಗೂಣು ಅಂದಿದ್ನಿ. ಇವತ್ತ ಆ ಸಪ್ಪಳ ಕೇಳಿ ಗೊತ್ತಾತು. ನಾ ಇಲ್ಲದಿದ್ರೂ ನಡೀತೈತಿ." ಸಂತೋಷದ ಮಾತೇ ಅದು. ಆದರೆ ಆಡಿದ ಮೇಲೆ ಅವನು, ತನಗಿಲ್ಲಿ ಇನ್ನು ಕೆಲಸವಿಲ್ಲ ಎಂಬಂತೆ, ಪಾನಾದಿಂದ ಕೈ ತೆಗೆದ.

ಕಾಶೆವ್ವ ಧೋತರದ ತುಂಡಿನಿಂದ ಬೆರಳು ಬೆರಳಿನ ಸಂದಿ ಒರೆಸಿಕೊಳ್ಳುತ್ತಿದ್ದಳು.

"ನಡೀತೈತಿ" ಎಂದಳು. "ಎಣ್ಣಿ ನಾ ಬದಲಿ ಮಾಡ್ತೇನಿ, ಬೋಲ್ಟ್ ನಾ ಬಿಗೀತೇನಿ. ಆದ್ರ ಸಪ್ಪಳ ಸರಿ ಐತಿ ಅಂತ ನಂಗ ಹೆಂಗ ಗೊತ್ತಾತು ಹೇಳ್ರಿ? ಎಂಜಿನ್ ಕೇಳಿ ಅಲ್ಲ. ನಿಮ್ಮ ಮಾರಿ ನೋಡಿ."

ಸಂಜೆ ಸೋಮಶೇಖರ ಹನಮಂತನನ್ನು ಕರೆದು, ಅಂಗಳದಲ್ಲಿದ್ದ ತನ್ನ ಹೊರಸನ್ನು ಎತ್ತಿಸಿ ಶೆಡ್ಡಿನ ಬಾಗಿಲಿಗೆ ಹಾಕಿಸಿಕೊಂಡ.